ಪೆಟ್ಟಿಗೆ ಅಣ್ಣನಿಗೆ, ಪುಸ್ತಕ ತಮ್ಮನಿಗೆ

ಶಾಲೆಯಲ್ಲಿ ನಾನು ದನಿ ಏರಿಸಿದರೆ ಪಕ್ಕದ ಕೋಣೆಯ ಮಕ್ಕಳೂ ಗಪ್ಪಾಗುತ್ತಾರೆ. ಗದಗಿಗೆ ಹೊಂದಿಕೊಂಡ ಬೆಟಗೇರಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಅಕ್ಕೋರು ಸಿಡುಕಿ ಎಂದು ಹಿಂದಿನಿಂದ ಹೇಳುವುದು ನನ್ನ ಕಿವಿಗೂ ಬಿದ್ದಿದೆ, ಸುಳ್ಳೇನಲ್ಲ. ಅಂಥ ನಾನು ತವರಿನ ಪಡಸಾಲೆಯಲ್ಲಿ, ಅಪ್ಪನ ಎದುರಿಗೆ, ಅಪ್ಪನಿಗಾಗಿ ಒಂದೇ ಒಂದು ಮಾತು ಆಡಬೇಕಾದ ಹೊತ್ತಿಗೆ ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ. ಆ ಸಿಟ್ಟು ಇನ್ನೂ ಆರಿಲ್ಲ. ಯಾರ ಮೇಲೆ ಎಂದು ಕೇಳಿದರೆ ಮೊದಲು ನನ್ನ ಮೇಲೆಯೇ.

ಎಲ್ಲ ಆದದ್ದು ಒಂದು ಪೆಟ್ಟಿಗೆಯಿಂದ. ಪೆಟ್ಟಿಗೆ ಎಂದರೆ ಅರಿವೆ ತುಂಬುವ ತಗಡಿನ ಟ್ರಂಕಲ್ಲ. ನನ್ನ ಎದೆಯೆತ್ತರಕ್ಕೆ ನಿಲ್ಲುತ್ತದೆ. ಹೊರಗೆ ದಪ್ಪ ಚರ್ಮ, ಮೂಲೆಗಳಿಗೆ ಹಿತ್ತಾಳೆ, ಎತ್ತಲು ಎರಡೂ ಬದಿಗೆ ಹಿಡಿಕೆ. ಮುಂದಿನ ಬೀಗ ತೆಗೆದರೆ ಎರಡು ಹೋಳಾಗಿ ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಒಳಗೆ ಕೆಂಪು ಮಖಮಲ್ಲು ಹಚ್ಚಿದ ಗೂಡುಗಳು, ಒಂದೊಂದು ಗೂಡಿಗೆ ಒಂದೇ ಪುಸ್ತಕ. ಹಡಗಿನಲ್ಲಿ ದೇಶ ತಿರುಗುವ ದೊಡ್ಡ ಮಂದಿ ತಮ್ಮ ಪುಸ್ತಕಗಳನ್ನು ಜೊತೆಗೆ ಒಯ್ಯಲು ಹೇಳಿ ಮಾಡಿಸುತ್ತಿದ್ದ ಪೆಟ್ಟಿಗೆಯಂತೆ. ಶಿರಹಟ್ಟಿ ಕಡೆಯ ಶ್ರೀಮಂತರೊಬ್ಬರ ವಾಡೆಯಲ್ಲಿ ನಮ್ಮ ಅಜ್ಜ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಆ ಮನೆಯವರು ವಾಡೆ ಬಿಟ್ಟು ಹೋಗುವಾಗ, ಮಾಸ್ತರ ಮನೆಯಲ್ಲಿ ಇರಲಿ ಎಂದು ಬಿಟ್ಟುಹೋದರು. ಅಜ್ಜ ಅದರಲ್ಲಿ ಪಂಚಾಂಗ, ಪೋಥಿ ಇಟ್ಟ. ಅಪ್ಪನೂ ಮಾಸ್ತರನಾದ. ಅಪ್ಪನ ಕೈಗೆ ಬಂದ ಮೇಲೆ ಅದು ಖರೆ ಪುಸ್ತಕದ ಪೆಟ್ಟಿಗೆಯಾಯಿತು.

ಡಂಬಳಕ್ಕೆ ವರ್ಗವಾದಾಗ ಅಪ್ಪ ಅದನ್ನು ಬಸ್ಸಿನ ಮೇಲೆ ಏರಿಸಿ, ಕಂಡಕ್ಟರನ ಬೈಗುಳ ತಿಂದು ಒಯ್ದಿದ್ದ. ನಾಟಕದ ಪುಸ್ತಕ, ನಿಘಂಟು, ದನಗಳ ರೋಗಕ್ಕೆ ಮದ್ದು ಹೇಳುವ ಪುಸ್ತಕ, ನಕ್ಷತ್ರಗಳ ಪುಸ್ತಕ, ಹೀಗೆ ಹೊಂದಿಕೆಯೇ ಇಲ್ಲದ ಮೂವತ್ತು. ಒಂದೊಂದನ್ನೂ ಅದರ ದಪ್ಪಕ್ಕೆ ತಕ್ಕ ಗೂಡು ಹುಡುಕಿ ಇಟ್ಟಿದ್ದ. ಸಡಿಲಾದ ಕಡೆ ರಟ್ಟಿನ ಚೂರು ಸಿಕ್ಕಿಸಿದ್ದ. ನಾವು ಮೂವರು ಮಕ್ಕಳಲ್ಲಿ ಯಾರಾದರೂ ಪುಸ್ತಕ ತೆಗೆದು ಬೇರೆ ಗೂಡಿಗೆ ಹಾಕಿದರೆ ಅವತ್ತು ಊಟದ ಹೊತ್ತಿಗೆ ಮಂಗಳಾರತಿ ತಪ್ಪುತ್ತಿರಲಿಲ್ಲ.

ಆಮೇಲೆ ಅಪ್ಪನ ಕಣ್ಣು ಹೋದವು. ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ನೀರು, ಚಪ್ಪಲಿ, ಕೋಲು, ಎಲ್ಲಕ್ಕೂ ಅಪ್ಪ ಕೈ ಚಾಚಿ ಕೇಳುವುದನ್ನು ಕಲಿತ. ಪುಸ್ತಕವನ್ನು ಮಾತ್ರ ಕೇಳಲಿಲ್ಲ. ನಾನು ಶನಿವಾರ ಶಿರಹಟ್ಟಿಯ ತವರಿಗೆ ಹೋದರೆ ತಾನೇ ಎದ್ದು, ಗೋಡೆ ಹಿಡಿದು ಪೆಟ್ಟಿಗೆಯ ಹತ್ತಿರ ಹೋಗಿ, ಬೆರಳಿನಿಂದ ಗೂಡು ಎಣಿಸಿ, ಬೇಕಾದ ಪುಸ್ತಕ ಎಳೆದು ನನ್ನ ಮಡಿಲಿಗೆ ಹಾಕುತ್ತಿದ್ದ. "ನಡುಮಧ್ಯಕ್ಕಿಂತ ಒಂದಿಷ್ಟು ಮುಂದ ತಗಿ. ಎತ್ತಿನ ಕಾಲು ಬ್ಯಾನಿ ಬರ್ತೈತಿ ನೋಡು, ಅಲ್ಲಿಂದ ಓದು," ಎನ್ನುತ್ತಿದ್ದ. ಮನೆಯಲ್ಲಿ ಎತ್ತೇ ಇರಲಿಲ್ಲ. ನನಗೆ ನಗು ಬರುತ್ತಿತ್ತು, ಆದರೂ ಓದುತ್ತಿದ್ದೆ. ಆ ಮನುಷ್ಯನಿಗೆ ತನ್ನ ಕೈಯಿಂದ ತಾನೇ ಮಾಡಲು ಉಳಿದಿದ್ದ ಕೆಲಸ ಅದೊಂದೇ ಎಂಬುದು ನನಗೆ ಗೊತ್ತಿತ್ತು.

ಅವ್ವ ತೀರಿಕೊಂಡ ಮೇಲೆ ಅಪ್ಪ ಒಬ್ಬನೇ ಇರುವುದು ಆಗದ ಮಾತಾಯಿತು. ಮುಂಡರಗಿಯಲ್ಲಿರುವ ಅಣ್ಣನ ಮನೆಯಲ್ಲಿ ನಾಲ್ಕು ತಿಂಗಳು, ಲಕ್ಷ್ಮೇಶ್ವರದಲ್ಲಿರುವ ತಮ್ಮನ ಮನೆಯಲ್ಲಿ ನಾಲ್ಕು ತಿಂಗಳು, ಹೀಗೆ ಪಾಳಿ ಎಂದು ನಿಶ್ಚಯವಾಯಿತು. ಮಗಳ ಮನೆ ಪಾಳಿಗೆ ಬರುವುದಿಲ್ಲ. ಅದು ನೆಂಟರ ಮನೆ. ಶಿರಹಟ್ಟಿಯ ಮನೆ ಮಾರಿ ಇದ್ದುದನ್ನು ಹಂಚಿಕೊಳ್ಳಲು ಹಿರಿಯರನ್ನು ಕರೆಸಿದರು. ನಮ್ಮಲ್ಲಿ ಇದಕ್ಕೆ ವಾಟ್ನಿ ಎನ್ನುತ್ತಾರೆ.

ಹಂಡೆ, ಕಪಾಟು, ಮಂಚ ಎಲ್ಲ ಸರಾಗವಾಗಿ ಮುಗಿದವು. ಪೆಟ್ಟಿಗೆಯ ಹತ್ತಿರ ಗಾಡಿ ನಿಂತಿತು. ಅದಕ್ಕೆ ಕಾರಣ ಲಕ್ಕುಂಡಿಯ ಗುಡಿ ನೋಡಲು ಬಂದು, ಪರಿಚಯದವರ ಜೊತೆ ನಮ್ಮ ಮನೆಗೂ ಬಂದಿದ್ದ ಒಬ್ಬ ದೊಡ್ಡ ಮನುಷ್ಯ. ಆತ ಪೆಟ್ಟಿಗೆಯನ್ನು ಸುತ್ತಲೂ ಫೋಟೋ ಹೊಡೆದುಕೊಂಡು, ಇಂಥದ್ದನ್ನು ಪರದೇಶದಲ್ಲಿ ಗಾಜಿನೊಳಗೆ ಇಟ್ಟಿರುತ್ತಾರೆ, ಬಹಳ ಅಪರೂಪ ಎಂದು ಹೇಳಿ ಚಹಾ ಕುಡಿದು ಹೋಗಿದ್ದ. ಅಲ್ಲಿಯ ತನಕ ಯಾರಿಗೂ ಬೇಡವಾಗಿದ್ದ ಪೆಟ್ಟಿಗೆ ಅಂದಿನಿಂದ ಇಬ್ಬರಿಗೂ ಬೇಕಾಯಿತು.

ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತು ವಿಚಾರ ಮಾಡಿದರು. ಕೊನೆಗೆ ಎಲ್ಲರಿಗಿಂತ ಹಿರಿಯರು ತೀರ್ಪು ಕೊಟ್ಟರು. "ಪೆಟ್ಟಿಗಿ ಸಾಮಾನು, ದೊಡ್ಡಾಂವಗ ಇರ್ಲಿ. ಪುಸ್ತಕ ವಿದ್ಯಾ, ಸಣ್ಣಾಂವಗ ಹೋಗ್ಲಿ. ಇಬ್ರಿಗೂ ಸಮ ಆತು. ಏನ್ರಿ ಮಾಸ್ತರ?"

ಅಪ್ಪನ ಮುಖ ಪೆಟ್ಟಿಗೆಯ ಕಡೆಗಿತ್ತು. "ಆತ್ರಿ," ಎಂದ.

ನಾನು ಪಡಸಾಲೆಯ ಅಂಚಿಗೆ, ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದೆ. ಅವೆರಡನ್ನೂ ಅಗಲಿಸಬೇಡಿರಿ, ಅಪ್ಪ ಹೋದಲ್ಲಿ ಎರಡೂ ಹೋಗಲಿ, ಇಷ್ಟು ಹೇಳಿದ್ದರೆ ಸಾಕಿತ್ತು. ಕೊಟ್ಟ ಹೆಣ್ಣು ವಾಟ್ನಿಯಲ್ಲಿ ಬಾಯಿ ಹಾಕಿದರೆ ಪಾಲಿಗೆ ಬಂದಳು ಅನ್ನುತ್ತಾರೆ ಎಂಬ ಅಂಜಿಕೆ. ಸಹಿ ಮಾಡು ಎಂದ ಕಡೆ ಸಹಿ ಮಾಡಿ, ಎಲ್ಲರಿಗೂ ಚಹಾ ಸೋಸಿ ಕೊಟ್ಟೆ.

ಮುಂಡರಗಿಯಲ್ಲಿ ಅಣ್ಣ ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಇಟ್ಟು, ಬಂದವರಿಗೆ ತೆರೆದು ತೋರಿಸತೊಡಗಿದ. ಮಖಮಲ್ಲು ಕೊಳೆಯಾಗುತ್ತದೆ ಎಂದು ವೈನಿ, ಅಣ್ಣನ ಹೆಂಡತಿ, ಒಳಗೆ ಏನನ್ನೂ ಇಡಗೊಡಲಿಲ್ಲ. ಒಂದು ಶನಿವಾರ ಹೋದಾಗ ಅಪ್ಪ ಅದರ ಮುಂದೆ ಕುರ್ಚಿ ಹಾಕಿಕೊಂಡು ಖಾಲಿ ಗೂಡುಗಳಲ್ಲಿ ಬೆರಳಾಡಿಸುತ್ತಿದ್ದ. ಏನು ಮಾಡುತ್ತಿದ್ದೀ ಎಂದರೆ, "ಏನಿಲ್ಲವಾ, ಧೂಳಾ ಒರಸಾಕತ್ತೀನಿ," ಎಂದ. ನನಗೆ ಅಳು ಬಂತು. ಅಪ್ಪನಿಗೆ ಕಾಣುವುದಿಲ್ಲವೆಂದು ಅಲ್ಲೇ ನಿಂತು ಅತ್ತೆ.

ಲಕ್ಷ್ಮೇಶ್ವರದಲ್ಲಿ ಪುಸ್ತಕ ಇದ್ದವು, ಪೆಟ್ಟಿಗೆ ಇರಲಿಲ್ಲ. ತಮ್ಮ ಅವನ್ನು ಮಂಚದ ಬದಿಗೆ ಒಟ್ಟಿದ್ದ. ಯಾವುದು ಎಲ್ಲಿದೆ ಎಂದು ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಆದರೂ ಬಿಡಲಿಲ್ಲ. ಒಂದೊಂದನ್ನೇ ಎತ್ತಿ ಮುಟ್ಟಿ ನೋಡುತ್ತಿದ್ದ. ಇದರ ಮೂಲೆ ಇಲಿ ಕಡಿದದ್ದು, ಇದರ ಬೆನ್ನು ಹರಿದದ್ದು, ಇದು ಮಳೆಯಲ್ಲಿ ತೊಯ್ದು ಉಬ್ಬಿದ್ದು ಎಂದು ಗುರುತು ಹಿಡಿದು ಬೇಕಾದದ್ದನ್ನು ತೆಗೆಯುವಷ್ಟರಲ್ಲಿ ಅರ್ಧ ತಾಸು ಹೋಗುತ್ತಿತ್ತು. ತೆಗೆದದ್ದು ಮಾತ್ರ ತಪ್ಪುತ್ತಿರಲಿಲ್ಲ.

ಆ ಅರ್ಧ ತಾಸು ನನಗೆ ಸಹಿಸಲಾಗಲಿಲ್ಲ. ಅಪ್ಪನ ಎದುರಿಗೆ ಏನೂ ಅನ್ನದೆ, ತಮ್ಮನನ್ನು ಹಿತ್ತಲಿಗೆ ಕರೆದು ಹರಿಹಾಯ್ದೆ. "ಪಾಲು ತಗೊಳ್ಳಾಕ ಮುಂದ ಬಂದಿ. ಪುಸ್ತಕ ನೋಡು, ಚಿಂದಿ ಆಗ್ಯಾವು. ಒಂದಕ್ಕೂ ನೆಟ್ಟಗ ರಟ್ಟಿಲ್ಲ. ನಾಚಿಕಿ ಬರೂದಿಲ್ಲೇನಲೇ ನಿನಗ?" ಅವನು ತಲೆ ತಗ್ಗಿಸಿ ನಿಂತ. ಪುಸ್ತಕ ಹರಿದದ್ದು ಅವನಿಂದಲ್ಲ, ನಾವು ಹುಟ್ಟುವ ಮೊದಲೇ ಅರ್ಧ ಹರಿದಿದ್ದವು. ಸಿಟ್ಟಿಗೆ ಏನಾದರೂ ಒಂದು ಬೇಕಿತ್ತು, ಅದು ಸಿಕ್ಕಿತು ಅಷ್ಟೆ.

ಆಮೇಲೆ ಎರಡನ್ನೂ ಒಂದು ಕಡೆ ತರಲು ಓಡಾಡಿದೆ. ಅಣ್ಣ, "ಅಂವ ಪುಸ್ತಕ ಕೊಟ್ರ ನಂದೇನು ತಕರಾರಿಲ್ಲ," ಎಂದ. ತಮ್ಮ, "ಅಣ್ಣ ಮೊದ್ಲ ಪೆಟ್ಟಿಗಿ ಕೊಡ್ಲಿ ಅಕ್ಕಾ," ಎಂದ. ಗದಗಿನಿಂದ ಮುಂಡರಗಿಗೆ, ಗದಗಿನಿಂದ ಲಕ್ಷ್ಮೇಶ್ವರಕ್ಕೆ, ಒಂದು ವರ್ಷ ನನ್ನ ಶನಿವಾರಗಳೆಲ್ಲ ಬಸ್ಸಿನಲ್ಲೇ ಕಳೆದವು. ಇಬ್ಬರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳಾಡಿ ಹಗುರಾಗುತ್ತಿದ್ದೆ. ಇಬ್ಬರೂ ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಿದ್ದರು, ಸ್ನಾನಕ್ಕೆ ನೀರು ಕಾಸುತ್ತಿದ್ದರು. ಪೆಟ್ಟಿಗೆಯ ಮಾತು ಬಂದಾಗ ಮಾತ್ರ ಒಬ್ಬ ಇನ್ನೊಬ್ಬನ ಕಡೆ ಬೆರಳು ತೋರಿಸುತ್ತಿದ್ದ.

ಕಡೆಗೆ ಅಪ್ಪನೇ ಅವರನ್ನು ಮಣಿಸಿದ, ಬೇಕೆಂದು ಅಲ್ಲ. ಮುಂಡರಗಿಯ ಪಾಳಿಯಲ್ಲಿ ರೇಡಿಯೋ ಬೇಡ ಎಂದ, ಮಾತೂ ಕಡಿಮೆ ಮಾಡಿದ. ಅಣ್ಣ ಗಾಬರಿಯಾಗಿ ಫೋನು ಮಾಡಿದ. "ತಂಗೀ, ದಸರಾ ಸೂಟಿಗೆ ಅಪ್ಪನ್ನ ನಿನ್ನ ಮನಿಗೇ ಕರ್ಕೊಂಡು ಹೋಗು. ಪೆಟ್ಟಿಗಿನೂ ಕಳಸ್ತೀನಿ. ಅಲ್ಲೇ ಇರ್ಲಿ." ತಮ್ಮನಿಗೆ ತಿಳಿಸಿದೆ. ಅವನೂ ತಕ್ಷಣ ಒಪ್ಪಿ, ಪುಸ್ತಕ ತಾನೇ ತರುತ್ತೇನೆ ಎಂದ. ಅವನ ದನಿಯಲ್ಲಿ ಏನೋ ಖುಷಿ ಇತ್ತು. ನಾನು ಅತ್ತೆಯವರನ್ನು ಕೇಳಿ ನಡುಮನೆಯಲ್ಲಿ ಜಾಗ ಮಾಡಿದೆ. ಅಪ್ಪನಿಗೆ ವಿಷಯ ಹೇಳಿದಾಗ, "ಎರಡೂ ಬರ್ತಾವೇನು?" ಎಂದು ಎರಡು ಸಲ ಕೇಳಿದ.

ದಸರಾ ರಜೆ ಶುರುವಾಗುತ್ತಲೇ ಅಪ್ಪನನ್ನು ಕರೆತಂದೆ. ಮರುದಿನ ಬೆಳಿಗ್ಗೆ ಪೆಟ್ಟಿಗೆ ಟಂಟಂ ಗಾಡಿಯಲ್ಲಿ ಮೊದಲು ಬಂತು. ಅಪ್ಪ ಅದನ್ನು ತೆರೆಸಿ ಮುಂದೆ ಕುಳಿತ. ಹನ್ನೊಂದರ ಸುಮಾರಿಗೆ ತಮ್ಮ ಎರಡು ರಟ್ಟಿನ ಡಬ್ಬಿ ಹೊತ್ತುಕೊಂಡು ಬೆವರುತ್ತ ಬಂದ.

"ಅಕ್ಕಾ, ನೀ ಬೈದದ್ದು ಖರೇ ಇತ್ತು. ನನಗ ಭಾಳ ಮನಸ್ಸಿಗಿ ಹತ್ತಿತು," ಎಂದು ಡಬ್ಬಿಯ ಹಗ್ಗ ಬಿಚ್ಚಿದ. "ಎಲ್ಲಾನೂ ಗದಗಿನ್ಯಾಗ ಬೈಂಡ್ ಮಾಡಿಸೀನಿ. ಎರಡು ಸಲ ರಜಾ ಹಾಕಿ ಬಂದಿದ್ದೆ. ಇನ್ನ ಐವತ್ತ ವರ್ಷ ಏನೂ ಆಗೂದಿಲ್ಲ ನೋಡು."

ಮೂವತ್ತು ಪುಸ್ತಕ. ಮೂವತ್ತಕ್ಕೂ ಒಂದೇ ಬಣ್ಣದ ಬಟ್ಟೆ, ಒಂದೇ ದಪ್ಪದ ರಟ್ಟು, ಮೂರೂ ಕಡೆ ನೀಟಾಗಿ ಕತ್ತರಿಸಿದ ಅಂಚು. ಹಸಿ ಅಂಟಿನ ವಾಸನೆ ಕೋಣೆ ತುಂಬಿತು. ತಮ್ಮ ಒಂದನ್ನು ಗೂಡಿಗೆ ಹಾಕಲು ನೋಡಿದ. ಹೋಗಲಿಲ್ಲ. ರಟ್ಟು ದಪ್ಪವಾಗಿತ್ತು. ಇನ್ನೊಂದು ನೋಡಿದ, ಅದೂ ಹೋಗಲಿಲ್ಲ. "ಇರ್ಲಿ ಬಿಡು, ಮ್ಯಾಲೆ ಇಟ್ರಾತು," ಎಂದು ನಕ್ಕು ನನ್ನ ಮುಖ ನೋಡಿದ. ಮೆಚ್ಚುಗೆಗೆ ಕಾಯುತ್ತಿದ್ದ. ಬೈಯಲು ನನ್ನ ಬಾಯಿ ಏಳಲಿಲ್ಲ. ಬೈದೇ ಇಷ್ಟು ಆಗಿತ್ತು.

ಅಪ್ಪ ಕೈ ಚಾಚಿದ. ತಮ್ಮ ಒಂದು ಪುಸ್ತಕ ಕೊಟ್ಟ. ಅಪ್ಪ ಅದರ ಮೂಲೆ ಮುಟ್ಟಿದ, ಬೆನ್ನ ಮೇಲೆ ಹೆಬ್ಬೆರಳು ಎಳೆದ, ಅಂಚು ಸವರಿದ. ಕೆಳಗಿಟ್ಟು ಇನ್ನೊಂದನ್ನು ತೆಗೆದುಕೊಂಡ. ಮತ್ತೊಂದು. ನಾಲ್ಕನೆಯದನ್ನು ಮೂಸಿ ನೋಡಿದ. ಐದನೆಯದನ್ನು ಎತ್ತಲಿಲ್ಲ.

"ಛಲೋ ಮಾಡೀಪಾ," ಎಂದು ತಮ್ಮನ ಭುಜ ಹುಡುಕಿ ಕೈಯಿಟ್ಟ. "ಗಟ್ಟಿ ಆಗ್ಯಾವು."

ತಮ್ಮ ಊಟ ಮಾಡಿ ಮೂರರ ಬಸ್ಸಿಗೆ ಹೋದ. ನಾನು ಪುಸ್ತಕಗಳನ್ನು ಪೆಟ್ಟಿಗೆಯ ಮೇಲೆ ಜೋಡಿಸಿ ಅಪ್ಪನ ಹತ್ತಿರ ಬಂದು ಕುಳಿತೆ. ಅಪ್ಪ ಏಳುತ್ತಾನೆ, ಗೋಡೆ ಹಿಡಿದು ಹೋಗುತ್ತಾನೆ ಎಂದು ಕಾದೆ. ಏಳಲಿಲ್ಲ. ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದ.

"ಯಾವುದರೆ ಒಂದು ತಂದು ಓದವಾ," ಎಂದ. "ಯಾವುದಾದ್ರೂ ನಡೀತೈತಿ."

ಎದ್ದು ಹೋಗಿ ಕೈಗೆ ಸಿಕ್ಕದ್ದನ್ನು ತಂದೆ. ಅದು ಯಾವ ಪುಸ್ತಕ ಎಂದು ತಿಳಿಯಲು ನಾನೂ ತೆರೆದು ನೋಡಬೇಕಾಯಿತು.