ಮಷೀನಮ್ಮನ ಗಂಡ

ನನ್ನ ತಮ್ಮನಿಗೆ ದೇವರು ಎರಡು ವಸ್ತು ಧಾರಾಳವಾಗಿ ಕೊಟ್ಟ. ಒಂದು ಬೆರಳು, ಇನ್ನೊಂದು ಹೊಟ್ಟೆಕಿಚ್ಚು. ಬೆರಳಿನಿಂದ ಅನ್ನ ದುಡಿದ, ಹೊಟ್ಟೆಕಿಚ್ಚಿನಿಂದ ಆ ಅನ್ನ ಅರಗದ ಹಾಗೆ ಮಾಡ್ಕೊಂಡ. ಒಡಹುಟ್ಟಿದವಳು ಹೀಗೆಲ್ಲ ಹೇಳಬಾರದು ಅಂತೀರಿ. ಒಡಹುಟ್ಟಿದವಳು ಹೇಳದೆ ಇನ್ಯಾರು ಹೇಳ್ತಾರೆ? ಗಂಡ ತೀರಿಕೊಂಡ ಮೇಲೆ ನಾನು ಅವನ ಮನೆಯಲ್ಲೇ ಇದ್ದೀನಿ, ಹಾಸಿಗೆ ಗವಸು ಹೊಲಿದು ನನ್ನ ಊಟ ನಾನು ದುಡೀತೀನಿ. ಹಂಗಿನಲ್ಲಿರೋಳಲ್ಲ, ಹಾಗಾಗಿ ಬಾಯಿಗೂ ಬೀಗ ಇಲ್ಲ.

ನಮ್ಮದು ಹಾಸಿಗೆ ಕೆಲಸದ ಮನೆತನ. ಹಳೇ ಹಾಸಿಗೆ ಬಿಚ್ಚೋದು, ಗಡ್ಡೆ ಕಟ್ಟಿದ ಹತ್ತಿ ಹಿಂಜೋದು, ಮತ್ತೆ ತುಂಬಿ ಹೊಲಿಯೋದು. ನನ್ನ ತಮ್ಮ ಹತ್ತಿ ಹಿಂಜೋ ಆಳೆತ್ತರದ ಬಿಲ್ಲು ಹೆಗಲ ಮೇಲೆ ಹೊತ್ತು ಬೀದಿ ಬೀದಿ ತಿರುಗ್ತಿದ್ದ. ಬಿಲ್ಲಣ್ಣ ಬಂದ ಅಂತ ಹೆಂಗಸರು ಬಾಗಿಲಿಗೆ ಬರ್ತಿದ್ರು. ಅಂಗಳದಲ್ಲಿ ಕೂತು ಮರದ ಕೊಡತಿಯಿಂದ ಬಿಲ್ಲಿನ ಹುರಿಗೆ ಏಟು ಕೊಟ್ಟರೆ ಹತ್ತಿ ನೊರೆ ಬಂದ ಹಾಗೆ ಉಬ್ಬಿ ಬರ್ತಿತ್ತು. ಅದಕ್ಕೂ ಮುಂಚೆ ಹತ್ತಿಯಲ್ಲಿ ಕೈಯಾಡಿಸಿ ಆರಿಸ್ಬೇಕು. ಹಳೇ ಹಾಸಿಗೆಯಲ್ಲಿ ಏನೇನೆಲ್ಲ ಇರುತ್ತೆ ಅಂತ ನಿಮಗೆ ಗೊತ್ತಿಲ್ಲ. ಗುಂಡಿ, ಹೇರ್‌ಪಿನ್ನು, ಮುರಿದ ಸೂಜಿ, ಮಗುವಿನ ಹಾಲುಹಲ್ಲು. ಯಾರ ಜೊತೆಗೋ ಜಗಳ ಆಡ್ತಾ ಆಡ್ತಾನೇ ಅವನು ಅವನ್ನೆಲ್ಲ ಎಳೆದು ಪಕ್ಕಕ್ಕೆ ಹಾಕ್ತಿದ್ದ. ಒಂದು ಸಲ ಅತ್ತೆಯೇ ಕದ್ದಳು ಅಂತ ಒಬ್ಬಾಕೆ ದೂರ್ತಿದ್ದ ಓಲೆಯ ತಿರುಪನ್ನ ಹಾಸಿಗೆಯೊಳಗಿಂದ ತೆಗೆದುಕೊಟ್ಟು, ಎರಡು ವರ್ಷದ ಜಗಳ ನಿಲ್ಲಿಸಿದ್ದ. ಅವನ ಬೆರಳಿಗೆ ಸಿಗದೆ ಹೋದದ್ದು ಅಂತ ಇಲ್ಲ. ಅದೊಂದೇ ಅವನ ಜಂಬ, ಅದಾದರೂ ಇರಲಿ ಅಂತ ನಾವೂ ಸುಮ್ಮನಿದ್ವಿ.

ಆಮೇಲೆ ಫೋಮಿನ ಹಾಸಿಗೆ ಬಂತು. ಬೀದಿಯೆಲ್ಲ ಸುತ್ತಿ ಖಾಲಿ ಕೈಯಲ್ಲಿ ಬರೋ ದಿನಗಳು ಜಾಸ್ತಿಯಾದವು. ಬಡ್ಡಿ ತಗೊಳ್ಳೋದೂ ಹರಾಮು ಕೊಡೋದೂ ಹರಾಮು ಅಂತ ಶುಕ್ರವಾರ ಮಸೀದಿಯಲ್ಲಿ ಕೇಳಿಸ್ಕೊಂಡು ಬಂದು, ಶನಿವಾರ ದಿನಬಡ್ಡಿಯವನಿಗೆ ಸಲಾಮು ಹೊಡೀತಿದ್ದ. ಹಸಿದ ಹೊಟ್ಟೆ ಏನು ಮಾಡೀತು? ಮಗಳನ್ನ ಶಾಲೆಯಿಂದ ಬಿಡಿಸಿದ್ವಿ. ಮಾಡಿನ ತಗಡು ತೂತಾಗಿ, ಮಳೆ ಬಂದ್ರೆ ಹತ್ತಿ ಮೂಟೆಯನ್ನ ಆ ಮೂಲೆಯಿಂದ ಈ ಮೂಲೆಗೆ ಎಳೆಯೋದೇ ಒಂದು ಕೆಲಸ.

ಮಸೀದಿ ಹಿಂದಿನ ಓಣಿಯಲ್ಲಿ, ಔಷಧಿ ಅಂಗಡಿಯ ಮಹಡಿ ಮೇಲೆ, ಬಡ್ಡಿಯಿಲ್ಲದ ಸಂಘ ಒಂದಿದೆ ಅಂತ ತಮ್ಮನ ಹೆಂಡತಿ ಕೇಳಿಕೊಂಡು ಬಂದಳು. ಹೋಗಿ ಬನ್ನಿ ಅಂತ ಗಂಡನಿಗೆ ಎಷ್ಟು ಸಲ ಹೇಳಿದಳೋ. ಕೈ ಚಾಚೋ ವಂಶ ನಮ್ಮದಲ್ಲ ಅಂದ. ದಿನಬಡ್ಡಿಯವನ ಮುಂದೆ ಚಾಚಿದ್ದು ಕೈಯಲ್ಲದೆ ಕಾಲಾ ಅಂತ ನಾನು ಕೇಳಿದೆ, ಮುಖ ಊದಿಸ್ಕೊಂಡು ಹೊರಗೆ ಹೋದ. ಕೊನೆಗೆ ಅವಳೇ ಹೋದಳು, ಜೊತೆಗೆ ನಾನು.

ಸಂಘದ ಗುಮಾಸ್ತರು ಸಣಕಲು ಮನುಷ್ಯ, ಮೆತ್ತಗಿನ ಮಾತು. ಮೊದಲು ಜಕಾತ್ ಅಂತ ಕೂಡಿಸಿದ ದಾನದ ದುಡ್ಡಲ್ಲಿ ಸ್ವಲ್ಪ ಕೊಡಿಸ್ತೀವಿ ಅಂದ್ರು. ಇವಳು, ದುಡಿಯೋ ಕೈ ಇರೋವಾಗ ದಾನ ಯಾಕೆ, ದುಡಿಯೋಕೆ ಏನಾದ್ರೂ ಕೊಡಿ, ಹತ್ತಿ ಹಿಂಜೋ ಮಷೀನು ಇದೆಯಂತಲ್ಲ ಅಂದಳು. ಆಗ ಅವರು ಲೆಕ್ಕಾಚಾರ ಬಿಡಿಸಿ ಹೇಳಿದ್ರು. ದುಡ್ಡಿಗೆ ದುಡ್ಡು ಮರಿ ಹಾಕಬಾರದು, ಅದಕ್ಕೇ ಸಂಘ ದುಡ್ಡನ್ನ ಸಾಲ ಕೊಡಲ್ಲ. ಮಷೀನನ್ನ ಸಂಘವೇ ಕೊಂಡು ಬಾಡಿಗೆಗೆ ಕೊಡುತ್ತೆ, ಬಾಡಿಗೆಯೆಲ್ಲ ತೀರಿದ ಮೇಲೆ ಅದು ನಿಮ್ಮದು. ಅಲ್ಲಿ ತನಕ ಸಂಘದ್ದು, ಹಾಗಾಗಿ ತಾನಾಗಿ ಕೆಟ್ಟರೆ ರಿಪೇರಿನೂ ಸಂಘದ್ದೇ, ನಿಂತ ದಿನಗಳ ಬಾಡಿಗೆನೂ ಬೇಡ. ನಿಮ್ಮ ಅಜಾಗ್ರತೆಯಿಂದ ಕೆಟ್ಟರೆ ಖರ್ಚು ನಿಮ್ಮದು. ಬೇಕಂತಲೇ ಕೆಡಿಸಿದರೆ ಮಾತ್ರ ಮಷೀನು ವಾಪಸ್ಸು, ಸಾಲಿನಲ್ಲಿ ಮುಂದಿರೋರಿಗೆ ಹೋಗುತ್ತೆ. ಯಾರು ಬಂದು ಕೇಳಿದ್ರೋ ಅವರ ಹೆಸರಿಗೇ ಬರೆದ್ರು. ಹೀಗೆ ಮಷೀನು ತಮ್ಮನ ಹೆಂಡತಿ ಹೆಸರಲ್ಲಿ ಮನೆಗೆ ಬಂತು.

ಬಂದದ್ದೇ ತಡ, ಮನೆ ಚೇತರಿಸ್ಕೊಳ್ತು. ಬಿಲ್ಲಿನಲ್ಲಿ ಒಂದು ಹಾಸಿಗೆ ಆಗೋ ಹೊತ್ತಿಗೆ ಮಷೀನಿನಲ್ಲಿ ಐದಾರು. ಜನ ತಾವೇ ಹಾಸಿಗೆ ಹೊತ್ಕೊಂಡು ಬರೋಕೆ ಶುರು ಮಾಡಿದ್ರು. ವರ್ಷ ತುಂಬೋದ್ರೊಳಗೆ ದಿನಬಡ್ಡಿಯವನು ನಮ್ಮ ಓಣಿಗೆ ಬರೋದು ಬಿಟ್ಟ, ಮಾಡಿಗೆ ಹೊಸ ತಗಡು ಬಿತ್ತು, ಮಗಳು ಮತ್ತೆ ಶಾಲೆಗೆ ಹೋದಳು. ನೆರೆಹೊರೆಯವರು ಇವಳಿಗೆ ಮಷೀನಮ್ಮ ಅಂತ ಹೆಸರಿಟ್ರು. ಬಿಲ್ಲಣ್ಣ ಅನ್ನೋ ಹೆಸರು ಯಾವಾಗ ಸತ್ತಿತೋ ಯಾರಿಗೂ ಗೊತ್ತಾಗಲಿಲ್ಲ, ಅವನೊಬ್ಬನಿಗೆ ಬಿಟ್ಟು. ಬೀದಿಯಲ್ಲಿ ಅವನೀಗ ಮಷೀನಮ್ಮನ ಗಂಡ.

ಉರಿ ಹತ್ತಿಕೊಳ್ತು ನೋಡಿ. ಕೆಲಸ ಅವನಿಗೂ ಇತ್ತು. ಮಷೀನಿಗೆ ಹಾಕೋ ಹತ್ತಿ ಆರಿಸೋದು ಅವನೇ. ಒಂದು ಚೂರು ಕಬ್ಬಿಣ ಒಳಗೆ ಹೋದ್ರೂ ಹತ್ತಿ ಹಿಂಜೋ ಉರುಳೆಯ ಹಲ್ಲು ಹಾರಿಹೋಗುತ್ತೆ, ಅವನ ಬೆರಳಿಲ್ಲದೆ ಮಷೀನು ಒಂದು ದಿನವೂ ನಡೆಯೋದಲ್ಲ. ಆದ್ರೆ ಹೆಸರು ಯಾರದು? ಗಿರಾಕಿ ಬಾಗಿಲಲ್ಲಿ ನಿಂತು ಮಷೀನಮ್ಮ ಇದ್ದಾರಾ ಅಂದ್ರೆ, ಅವಳು ಒಳಗೆ ಕೂತಿದ್ರೂ ಇಲ್ಲ ಅಂತಿದ್ದ. ಮಷೀನಿನ ಹತ್ತಿ ಸತ್ತ ಹತ್ತಿ, ಬಿಲ್ಲಿನ ಹತ್ತಿಗೇ ಜೀವ ಇರೋದು ಅಂತ ಗಿರಾಕಿಗಳ ಮುಂದೇ ಹೇಳ್ತಿದ್ದ. ಅವಳು ಹೊಸದಾಗಿ ತುಂಬಿಸಿದ ಹಾಸಿಗೆ ಬಿಟ್ಟು ಚಾಪೆ ಮೇಲೆ ಮಲಗಿ, ಬೆಳಿಗ್ಗೆ ಎದ್ದು ಸೊಂಟ ಹಿಡ್ಕೊಂಡು ನರಳ್ತಿದ್ದ. ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ಅದು ಇವನನ್ನ ನೋಡಿಯೇ ಹೇಳಿದ್ದಿರಬೇಕು. ಶಾಲೆಯಲ್ಲಿ ಅಪ್ಪ ಏನು ಮಾಡ್ತಾರೆ ಅಂತ ಟೀಚರ್ ಕೇಳಿದ್ದಕ್ಕೆ ಮಗಳು, ಅಮ್ಮನ ಮಷೀನಿಗೆ ಹತ್ತಿ ಆರಿಸಿ ಕೊಡ್ತಾರೆ ಅಂದಳಂತೆ. ಅದರಲ್ಲಿ ಸುಳ್ಳೇನಿದೆ? ಆದ್ರೂ ಆ ಕೂಸಿನ ಜೊತೆಗೂ ಎರಡು ದಿನ ಮಾತು ಬಿಟ್ಟ.

ಇದರ ಮೇಲೆ ಗುಮಾಸ್ತರು ಮನೆಗೆ ಬಂದು, ಸಂಘಕ್ಕೆ ಹೊಸದಾಗಿ ಸೇರೋ ಹೆಂಗಸರಿಗೆ ನಾಲ್ಕು ಮಾತು ಹೇಳೋಕೆ ಇವಳನ್ನ ಕರೆದ್ರು. ಕೇಳಿದ್ದು ಗಂಡನ ಹತ್ತಿರವೇ, ನಿಮ್ಮ ಮನೆಯವರನ್ನ ಕಳಿಸಿಕೊಡ್ತೀರಾ ಅಂತ, ಪಾಪ ಮರ್ಯಾದೆಯಿಂದಲೇ. ಅದಕ್ಕೇನಂತೆ ಅಂದ ಬಾಯಲ್ಲಿ, ಕಣ್ಣು ಮಾತ್ರ ಕೆಂಡ. ಅವಳು ಇದ್ದದ್ದರಲ್ಲೇ ಒಳ್ಳೆ ಬಟ್ಟೆ ಹಾಕ್ಕೊಂಡು ಹೋದಳು. ಮಧ್ಯಾಹ್ನ ವಾಪಸ್ಸು ಬಂದಾಗ ಮುಖದಲ್ಲಿ ನಗು ಹಿಡಿಸ್ತಿರಲಿಲ್ಲ. ಮಾತು ಮುಗಿದ ಮೇಲೆ ಎಲ್ಲರೂ ಎದ್ದು ಬಂದು ಕೈ ಹಿಡ್ಕೊಂಡ್ರಂತೆ. ಯಾರೂ ಕೇಳದಿದ್ರೂ ಹೇಳ್ಕೊಂಡಳು, ಹೇಳ್ಕೊಳ್ಳಲಿ ಬಿಡಿ, ಜನ್ಮಕ್ಕೊಂದು ದಿನ. ನನ್ನ ತಮ್ಮ ಯಾವುದೋ ವಸತಿಗೃಹದ ಹಳೇ ಹಾಸಿಗೆಗಳ ಹತ್ತಿ ಮುಂದಿಟ್ಕೊಂಡು ಆರಿಸ್ತಾ ಇದ್ದ, ತಲೆ ಎತ್ತಲಿಲ್ಲ. ಅವಳು ಬಟ್ಟೆ ಬದಲಿಸಿ ಬಂದು, ಅವನು ಆರಿಸಿಟ್ಟ ಹತ್ತಿ ಎತ್ತಿ ಮಷೀನಿಗೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಗೋಡೆ ನಡುಗೋ ಹಾಗೆ ಸದ್ದಾಯ್ತು, ಮಷೀನು ನಿಂತೇಹೋಯ್ತು.

ಮುಚ್ಚಳ ತೆಗೆದು ನೋಡಿದ್ರೆ ಉರುಳೆಯ ಹಲ್ಲು ಅರ್ಧಕ್ಕರ್ಧ ಇಲ್ಲ. ನಡುವೆ ಸೊಟ್ಟಗಾಗಿ ಸಿಕ್ಕಿಕೊಂಡಿದ್ದದ್ದು ಒಂದು ದಬ್ಬಣ. ಹಾಸಿಗೆ ಹೊಲಿಯೋ ದಪ್ಪ ಸೂಜಿ, ಗೇಣುದ್ದ. ಅವಳು ದಬ್ಬಣ ನೋಡಿದಳು, ಗಂಡನ್ನ ನೋಡಿದಳು. ಅವನು ಗೋಡೆ ನೋಡ್ತಿದ್ದ. ಅವಳು ಕೊಡ ಎತ್ಕೊಂಡು ನೀರಿಗೆ ಹೋದಳು. ನಾನು ಬಿಡ್ತೀನಾ? ಹೇರ್‌ಪಿನ್ನು ಸಿಗೋ ಕೈಗೆ ಇಷ್ಟುದ್ದದ್ದು ಸಿಗಲಿಲ್ವೇನೋ ಅಂತ ಕೇಳಿದೆ. ವಯಸ್ಸಾಯ್ತು ಅಂದ. ನಲವತ್ತಕ್ಕೆ ವಯಸ್ಸು. ತಲೆನೋವಿದೆ ಅಂತಲೂ ಒಪ್ಪಿಕೊಳ್ಳದ ಮನುಷ್ಯ ಅವನು.

ಮಾರನೇ ದಿನ ಗುಮಾಸ್ತರು ಮೆಕ್ಯಾನಿಕ್‌ನ ಕರ್ಕೊಂಡು ಬಂದ್ರು. ಸವೆದು ಮುರಿದದ್ದಲ್ಲ, ಒಳಗೆ ಕಬ್ಬಿಣ ಸಿಕ್ಕಿದೆ ಅಂದ ಅವನು. ಗುಮಾಸ್ತರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು, ಹೇಗಾಯ್ತು ಅಂತ ಇವಳನ್ನ ಕೇಳಿದ್ರು. ಬೇಕಂತಲೇ ಅನ್ನೋ ಒಂದು ಪದ ಆಚೆ ಬಿದ್ರೆ ಮಷೀನು ಹೋಗುತ್ತೆ, ಮಷೀನು ಹೋದ್ರೆ ಮತ್ತೆ ಅದೇ ದಿನಬಡ್ಡಿಯವನು.

"ತಪ್ಪು ನಂದೇ," ಅಂದಳು ಅವಳು. "ಸಂಘದಿಂದ ಬಂದ ಅವಸರದಲ್ಲಿ ಆರಿಸದ ಹತ್ತಿನೂ ಸೇರಿಸಿ ಹಾಕಿಬಿಟ್ಟೆ. ಖರ್ಚು ನಾವೇ ಕೊಡ್ತೀವಿ."

ಗುಮಾಸ್ತರು ತಲೆದೂಗಿದ್ರು. ತಾನಾಗೇ ಕೆಡ್ತು ಅಂತ ವಾದ ಮಾಡೋರೇ ಎಲ್ಲ, ಹೀಗೆ ತಪ್ಪು ಒಪ್ಪಿಕೊಳ್ಳೋರು ಸಿಗೋದು ಅಪರೂಪ, ಇದನ್ನ ನಾಲ್ಕು ಜನಕ್ಕೆ ಹೇಳ್ತೀನಿ ಅಂತ ಮೆಚ್ಚಿಕೊಂಡ್ರು.

ಸಾಕಾಯ್ತು ಅಷ್ಟು. ಮಾಡಿದವನು ಇಲ್ಲಿ ಕೂತಿದ್ದಾನೆ, ಹೊಗಳಿಕೆ ಅವಳಿಗೆ. ತನ್ನ ತಪ್ಪಿನಲ್ಲೂ ಅವಳಿಗೇ ಒಳ್ಳೆ ಹೆಸರು ಬಂದದ್ದು ನನ್ನ ತಮ್ಮನ ಕೈಲಿ ತಡ್ಕೊಳ್ಳೋಕಾಗಲಿಲ್ಲ. ಹತ್ತಿ ಕೊಡವಿಕೊಂಡು ಎದ್ದು ನಿಂತ.

"ಅವಳಿಗೇನು ಗೊತ್ತು?" ಅಂದ. "ಆ ಹತ್ತಿ ಪೂರ್ತಿ ಆರಿಸಿದ್ದು ನಾನು. ನನ್ನ ಕೈ ದಾಟಿ ಏನೂ ಹೋಗಲ್ಲ. ದಬ್ಬಣ ಸಿಕ್ಕಿತ್ತು, ನಾನೇ ಬಿಟ್ಟೆ."

ನಾನು ಹಣೆ ಚಚ್ಚಿಕೊಂಡೆ. ನಿಜ ಹೇಳೋಕೂ ಒಂದು ಹೊತ್ತು ಗೊತ್ತು ಬೇಡವಾ? ಗುಮಾಸ್ತರು ಇವಳ ಕಡೆ ತಿರುಗಿ, ನಿಯಮದ ಪ್ರಕಾರ ಮಷೀನು ಹೋಗ್ಬೇಕು, ಆದ್ರೆ ಹೆಸರು ನಿಮ್ಮದು, ಕೆಡಿಸಿದ್ದು ನೀವಲ್ಲ, ಇವರು ಇನ್ನು ಮುಂದೆ ಮಷೀನಿನ ಕೆಲಸಕ್ಕೆ ಕೈ ಹಾಕಲ್ಲ ಅಂತ ನೀವು ಮಾತು ಕೊಟ್ರೆ ಸಂಘದ ದೊಡ್ಡವರ ಹತ್ತಿರ ಹೇಳಿ ನೋಡ್ತೀನಿ ಅಂದ್ರು. ತಮ್ಮನ ಮುಖ ಸುಣ್ಣ ಬಳಿದ ಹಾಗಾಯ್ತು. ಬಿಲ್ಲು ಕೇಳೋರಿಲ್ಲ, ಮಷೀನಿನ ಹತ್ತಿರ ಬಿಡೋರಿಲ್ಲ ಅಂದ್ರೆ ಅವನು ಇನ್ನು ಆ ಮನೆಯಲ್ಲಿ ಯಾರು?

"ಆ ಮಾತು ಕೊಡೋಕಾಗಲ್ಲ," ಅಂದಳು ಅವಳು. "ಅದು ಅಲ್ಲಿದೆ ಅಂತ ಇವರ ಕೈಗೆ ಗೊತ್ತಾಯ್ತಲ್ಲ, ನನ್ನ ಕೈಗೆ ಗೊತ್ತಾಗ್ತಿರಲಿಲ್ಲ. ಇವರಿಲ್ಲದೆ ಬರೀ ಮಷೀನು ಇಟ್ಕೊಂಡು ನಾನೇನು ಮಾಡ್ಲಿ? ತಗೊಂಡು ಹೋಗೋದಾದ್ರೆ ಹೋಗಿ."

ದೊಡ್ಡವರನ್ನ ಕೇಳಿ ಹೇಳ್ತೀನಿ ಅಂತ ಗುಮಾಸ್ತರು ಎದ್ದು ಹೋದ್ರು. ಶುಕ್ರವಾರ ನಮಾಜು ಮುಗಿದ ಮೇಲೆ ಅವರೇ ತಮ್ಮನನ್ನ ತಡೆದು ಹೇಳಿದ್ರಂತೆ, ಮಷೀನು ಇಲ್ಲೇ ಇರಲಿ, ರಿಪೇರಿ ಖರ್ಚೂ ನಿಂತ ದಿನಗಳ ಬಾಡಿಗೆನೂ ನಿಮ್ಮದು, ನಿಮ್ಮ ಮನೆಯವರದಲ್ಲ ಅಂತ. ತಮ್ಮ ಮತ್ತೆ ಬಿಲ್ಲು ಹೊತ್ಕೊಂಡು ಬೀದಿಗಿಳಿದ. ಕೇಳೋರಿಲ್ಲದ ಬೀದಿಗಳಲ್ಲಿ ಕೂಗಿ ಕೂಗಿ ಗಂಟಲು ಒಡ್ಕೊಂಡ. ಸಿಕ್ಕಿದ್ದನ್ನ ಒಂದು ಚೂರೂ ಮುಟ್ಟದೆ ಸಂಘಕ್ಕೆ ಕಟ್ಟಿದ. ಉರುಳೆಗೆ ಹೊಸ ಹಲ್ಲು ಬಂತು.

ಈಗ ಚಾಪೆ ಬಿಟ್ಟು ಹಾಸಿಗೆ ಮೇಲೆ ಮಲಗ್ತಾನೆ. ಹೊಟ್ಟೆಕಿಚ್ಚು ಹೋಯ್ತಾ ಅಂತ ಕೇಳ್ಬೇಡಿ, ಅದೆಲ್ಲಿ ಹೋಗುತ್ತೆ? ಮೊನ್ನೆ ಹತ್ತಿ ಆರಿಸ್ತಾ ಕೂತವನು, ಅವಳು ಹೊರಗೆ ಗಿರಾಕಿ ಹತ್ತಿರ ಮಾತಾಡ್ತಿರೋದು ನೋಡಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ.

"ಮಷೀನು ಅವಳದು, ಹೆಸರು ಅವಳದು. ಹೋಗಲಿ ಅಕ್ಕ, ಕ್ಷಮಿಸೋದನ್ನಾದ್ರೂ ನನ್ನ ಪಾಲಿಗೆ ಬಿಡಬಾರದಿತ್ತಾ ಅವಳು?"

ಅದಕ್ಕೆ ಮೊದಲು ಅವಳು ಏನಾದ್ರೂ ತಪ್ಪು ಮಾಡ್ಬೇಕಲ್ಲೋ ಅಂದೆ. ಪಾಪ, ಇನ್ನೂ ಕಾಯ್ತಾ ಇದ್ದಾನೆ.