ಅಕ್ಕಿ ಡಬ್ಬಿಯೊಳಗಿನ ಚಿನ್ನದ ವಾಚು

ಬುಧವಾರದಿಂದ ನಮ್ಮ ಮನೆಯ ಕಾಲಿಂಗ್ ಬೆಲ್ ಸದ್ದಾದರೆ ನಾನು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೇನೆ.

ನಗಬೇಡಿ. ಐವತ್ತು ದಾಟಿದ ಗಂಡಸು, ಪ್ರತಿ ವಾರ ಈ ಜಾಗದಲ್ಲಿ ಊರಿಗೆಲ್ಲ ಬುದ್ಧಿ ಹೇಳುವವನು, ಹಾಲಿನವನು ಬಂದರೂ ಬಕೆಟ್ಟಿನ ಪಕ್ಕ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ.

ತಪ್ಪು ನನ್ನದೇ. ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ ನನ್ನ ಹಳೇ ವಾಚುಗಳ ಹುಚ್ಚಿನ ಬಗ್ಗೆ ಕೊಚ್ಚಿಕೊಂಡಿದ್ದೆ. (ಓದದವರು ಪುಣ್ಯವಂತರು.) ಒಟ್ಟು ಒಂಬತ್ತು ವಾಚು. ಎಲ್ಲವೂ ಚಿನ್ನದ ಕೇಸಿನ, ಕೀ ಕೊಡುವ ಸ್ವಿಸ್ ವಾಚುಗಳು. ಅದರಲ್ಲೊಂದರ ಮೇಲೆ ನನಗೆ ವಿಪರೀತ ಮೋಹ. ಹದಿನೆಂಟು ಕ್ಯಾರೆಟ್, ಕೆನೆ ಬಣ್ಣದ ಡಯಲ್. ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ, ಎಂದೋ ಮುಚ್ಚಿಹೋಗಿದ್ದ ರಿಪೇರಿ ಅಂಗಡಿಯೊಂದರ ಸಾಮಾನು ಮಾರುತ್ತಿದ್ದಾಗ ಸಿಕ್ಕಿದ್ದು. ಅಂಥ ವಾಚು ಬೆಂಗಳೂರಿನಲ್ಲಿ ಇನ್ನೊಂದಿರಲಾರದು ಎಂದು ಬರೆದೆ.

ಅಷ್ಟಕ್ಕೆ ನಿಲ್ಲಿಸಬಹುದಿತ್ತಲ್ಲ? ಲಾಕರ್ ಯಾಕೆ, ಅಕ್ಕಿ ಡಬ್ಬಿಗಿಂತ ಸೇಫ್ ಜಾಗ ಇಲ್ಲ ಎಂದೂ ಬರೆದೆ. ನಮ್ಮ ಮನೆ ಬಸವನಗುಡಿಯಲ್ಲಿ ಕಾಫಿಪುಡಿ ಅಂಗಡಿಯ ಎದುರಿಗಿದೆ ಎಂದೂ ಬರೆದೆ. ಬರಹಕ್ಕೆ ಸ್ವಲ್ಪ ಘಮ ಇರಲಿ ಅಂತ. ರಿಪೇರಿಯವರನ್ನೂ ಬಿಡಲಿಲ್ಲ. ‘ಮುಂದಿನ ವಾರ ಬನ್ನಿ’ ಅನ್ನುವವರೆಲ್ಲ ಅರ್ಧ ಕಳ್ಳರು ಎಂದು ಜಾಡಿಸಿದೆ.

ಸೋಮವಾರವೇ ಫೋನು ಬಂತು. ನನ್ನ ಹೆಂಡತಿ ಸುಮಾ ಎತ್ತಿದಳು.

“ಯಜಮಾನ್ರು ಮನೇಲಿ ಯಾವಾಗ ಇರ್ತಾರಮ್ಮ?”

ಹೆಸರು ಕೇಳಿದರೆ ಇಟ್ಟುಬಿಟ್ಟರು. ಮಂಗಳವಾರ ಅದೇ ದನಿ: “ಆ ಕೆನೆ ಬಣ್ಣದ ವಾಚು ಮನೇಲೇ ಇದೆಯಾ?” ಶುಕ್ರವಾರ ಕಾಫಿಪುಡಿ ಅಂಗಡಿಯವರು ನನ್ನನ್ನು ರಸ್ತೆಯಾಚೆಗೆ ಕರೆದರು. “ಸಾರ್, ಯಾರೋ ಒಬ್ರು ಎರಡು ದಿನದಿಂದ ಇಲ್ಲೇ ನಿಂತ್ಕೊಂಡು ನಿಮ್ಮ ಮನೆ ಕಡೆ ನೋಡ್ತಿದಾರೆ. ಪುಡಿ ಮಾತ್ರ ತಗೊಳ್ತಿಲ್ಲ.”

ಮನೆಗೆ ಓಡಿಬಂದು ಸುಮಾಗೆ ಹೇಳಿದೆ.

“ವಾಚು ಹೋದ್ರೆ ಹೋಗ್ಲಿ ರೀ,” ಅಂದಳು ಸುಮಾ. “ನೀವು ಆಫೀಸಿಗೆ ಹೋದ್ಮೇಲೆ ನಾನೊಬ್ಳೇ ಇರ್ತೀನಿ. ಡಬ್ಬಿ ಎಲ್ಲಿದೆ ಅಂತ ಊರಿಗೆಲ್ಲ ಸಾರಿದೀರ. ನಾಳೆ ಯಾರಾದ್ರೂ ಕುತ್ತಿಗೆಗೆ ಚಾಕು ಇಟ್ರೆ ನಿಮ್ಮ ಅಂಕಣ ಬಂದು ಬಿಡಿಸುತ್ತಾ?”

ವಾಚುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿಯಿಂದ ರಾಗಿಹಿಟ್ಟಿಗೆ ಸಾಗಿಸಿದೆ. ಅಲ್ಲಿಂದ ದೇವರ ಗೂಡಿಗೆ. ಸಮಾಧಾನವಾಗದೆ ಮತ್ತೆ ರಾಗಿಹಿಟ್ಟಿಗೆ. ಹಿಟ್ಟಿನ ಡಬ್ಬಿ ಮುಟ್ಟಲೂ ಹೆದರಿ ಸುಮಾ ಮೂರು ದಿನ ಮುದ್ದೆ ಮಾಡಲಿಲ್ಲ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ ಇರಬೇಕು.

ಕಳೆದ ಬುಧವಾರ ಬೆಳಿಗ್ಗೆ ಎಂಟಕ್ಕೆ ಬೆಲ್ ಆಯಿತು. ಚೈನ್ ತೆಗೆಯದೆ ಬಾಗಿಲು ಸರಿಸಿದೆ. ಅರವತ್ತು ದಾಟಿದವರು. ಇಸ್ತ್ರಿ ಮಾಡಿದ ಬಿಳಿ ಷರಟು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ. ನನ್ನ ಕಣ್ಣು ಚೀಲದ ಮೇಲೇ ಇತ್ತು. ಸುಮಾ ಲಟ್ಟಣಿಗೆ ಹಿಡಿದು ನನ್ನ ಹಿಂದೆ ನಿಂತಿದ್ದಳು.

“ಫೋನ್ ಮಾಡಿದ್ದು ನಾನೇ ಸಾರ್. ಆ ವಾಚಿನ ಹಿಂದಿನ ಮುಚ್ಚಳ ತೆಗೆದ್ರೆ ಒಳಗಡೆ ಒಂದು ನಂಬರ್ ಗೀರಿದಾರೆ. ನಾನೂರ ಹನ್ನೆರಡು. ನೋಡಿದೀರಾ?”

ನೋಡಿದ್ದೆ. ರಿಪೇರಿಯವರು ಗುರುತಿಗೆಂದು ಹಾಗೆ ಗೀರುವುದುಂಟು. ಆದರೆ ಅದನ್ನು ನಾನು ಅಂಕಣದಲ್ಲಿ ಬರೆದಿರಲಿಲ್ಲ! ಯಾರಿಗೂ ಹೇಳಿರಲಿಲ್ಲ. ನನ್ನ ವಾಚಿನ ಹೊಟ್ಟೆಯೊಳಗಿನ ವಿಷಯ ಇವರಿಗೆ ಹೇಗೆ ಗೊತ್ತು?

ಅವರು ಚೀಲಕ್ಕೆ ಕೈ ಹಾಕಿದರು. ಸುಮಾ ಲಟ್ಟಣಿಗೆ ಎತ್ತಿದಳು. ಹೊರಗೆ ಬಂದದ್ದು ಒಂದು ಚೀಟಿ. ಮಡಿಕೆಗಳಲ್ಲಿ ಹರಿದು, ಟೇಪ್ ಅಂಟಿಸಿದ ಕಂದು ಚೀಟಿ. ಅದೇ ಗಲ್ಲಿಯ ಅದೇ ಅಂಗಡಿಯದು. ನಂಬರ್ 412. ಚಿನ್ನದ ವಾಚು, ಕ್ಲೀನಿಂಗ್. ಡಯಲ್ ಕೆನೆ ಬಣ್ಣ, ಏಳರ ಹತ್ತಿರ ಕಪ್ಪು ಚುಕ್ಕೆ.

ಆ ಚುಕ್ಕೆಯನ್ನು ನಾನು ದಿನಾ ನೋಡುತ್ತೇನೆ.

“ನಮ್ಮ ಅಪ್ಪಾಜೀದು ಸಾರ್. ಪೇಟೇಲಿ ಬಟ್ಟೆ ಅಂಗಡಿ ಇತ್ತು. ಕ್ಲೀನಿಂಗ್‌ಗೆ ಕೊಟ್ರು. ಹೋದಾಗೆಲ್ಲ ಮುಂದಿನ ವಾರ ಬನ್ನಿ, ಮುಂದಿನ ವಾರ ಬನ್ನಿ. ಒಂದಿನ ಹೋದ್ರೆ ಅಂಗಡೀಗೇ ಬೀಗ. ಸಾಯೋವರ್ಗೂ ಚೀಟಿ ಜೇಬಲ್ಲೇ ಇತ್ತು.”

“ಎರಡು ದಿನ ಎದುರಿಗೆ ನಿಂತಿದ್ರಂತೆ?” ಅಂದೆ.

“ಬೆಲ್ ಒತ್ತಕ್ಕೆ ಭಯ ಆಗ್ತಿತ್ತು ಸಾರ್. ಕಳ್ಳ ಅಂದ್ಕೊಂಡ್ಬಿಟ್ರೆ?”

ಆಮೇಲೆ ಚೈನಿನ ಸಂದಿಯಿಂದ ಚೀಟಿ ಚಾಚಿ, ಅಂಗಡಿಯ ಮುಂದೆ ನಿಂತು ಕೇಳುವ ಹಾಗೇ ಕೇಳಿದರು:

“ರಿಪೇರಿ ಆಗಿದೆಯಾ ಸಾರ್?”

ನಿಜ ಹೇಳುತ್ತೇನೆ. ಹತ್ತು ದಿನದಲ್ಲಿ ನಾನು ಅಷ್ಟು ಹೆದರಿದ್ದು ಆ ಕ್ಷಣದಲ್ಲಿ ಮಾತ್ರ. ಕಳ್ಳನಾಗಿದ್ದರೆ ಕೂಗಿಕೊಳ್ಳಬಹುದಿತ್ತು, ಸ್ಟೇಷನ್ನಿಗೆ ಹೋಗಬಹುದಿತ್ತು. ಇವರ ಮೇಲೆ ಏನೆಂದು ಕಂಪ್ಲೇಂಟ್ ಕೊಡಲಿ? ನಾನು ದುಡ್ಡು ಕೊಟ್ಟೇ ಕೊಂಡದ್ದು, ಸರಿ. ಆದರೆ ಹಳೇ ವಸ್ತು ಕೊಳ್ಳುವ ನಾವು ಕ್ಯಾರೆಟ್ ಕೇಳುತ್ತೇವೆ, ಮೇಕ್ ಕೇಳುತ್ತೇವೆ. ಇದು ಯಾರ ಕೈಯಲ್ಲಿತ್ತು, ಅವರ ಕೈ ಯಾಕೆ ತಪ್ಪಿತು ಎಂದು ಯಾವತ್ತಾದರೂ ಕೇಳಿದ್ದೇವೆಯೇ? ನಾನಂತೂ ಒಂಬತ್ತು ವಾಚಿನಲ್ಲಿ ಒಂದಕ್ಕೂ ಕೇಳಿರಲಿಲ್ಲ. ಇನ್ನು ಎಂಟು ಜನ ಚೀಟಿ ಹಿಡಿದು ಬಂದರೆ?

ವಾಚು ಒಳಗೆ ರಾಗಿಹಿಟ್ಟಿನಲ್ಲಿತ್ತು. ನಾಲ್ಕು ಹೆಜ್ಜೆ. ಕೊಡಬೇಕು ಎಂದುಕೊಂಡೇ ಬಾಯಿ ತೆರೆದೆ. ಬಂದ ಮಾತು ಬೇರೆ.

“ಮುಂದಿನ ವಾರ ಬನ್ನಿ.”

ಅವರು ಜಗಳ ಆಡಲಿಲ್ಲ. ಚೀಟಿ ಮಡಿಸಿ, ಕೈ ಮುಗಿದು, ಮೆಟ್ಟಿಲಿಳಿದು ಹೋದರು. ಸುಮಾ ಲಟ್ಟಣಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಅವತ್ತಿನಿಂದ ಅವಳು ವಾಚಿನ ಮಾತೆತ್ತಿಲ್ಲ. ನನಗೆ ಅದೂ ಭಯವೇ.

ಬರುವ ಬುಧವಾರ ಅವರು ಬರುತ್ತಾರೆ. ‘ಮುಂದಿನ ವಾರ ಬನ್ನಿ’ ಅನ್ನುವವರನ್ನು ನಾನು ಏನೆಂದು ಬರೆದಿದ್ದೆ, ನಿಮಗೆ ನೆನಪಿದೆಯಲ್ಲ?