ಬಾಟಲಿಯ ಮೇಲಿನ ಮುಖ

ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಕಳೆದ ವಾರ ಆ ವಾಸನೆ ಬಂತು. ಓಮ, ಕರ್ಪೂರ, ಅವೆರಡರ ಕೆಳಗೆ ಸ್ವಲ್ಪ ಸೀದ ಬೆಳ್ಳುಳ್ಳಿ. ತೆಕ್ಕಲಕೋಟೆಯಲ್ಲಿ ಹತ್ತಿ ನನ್ನ ಪಕ್ಕ ಕೂತ ಹೆಂಗಸು ಚೀಲದಿಂದ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದ್ದಳು. ನಾನು ಅತ್ತ ನೋಡಲಿಲ್ಲ. ಕಿಟಕಿಯಾಚೆಯ ಭತ್ತದ ಗದ್ದೆಗಳನ್ನೇ ನೋಡುತ್ತ ಕೂತೆ. ಆ ಎಣ್ಣೆ ಹೇಗೆ ಕಾಯುತ್ತದೆ, ಯಾವಾಗ ಒಲೆ ಆರಿಸಬೇಕು ಎಂಬುದೆಲ್ಲ ನನಗೆ ಗೊತ್ತು. ಕಲಿಸಿದವರು ನಮ್ಮ ಮಾರ್ಕೆಟಿಂಗ್ ಮೇಡಂ.

ಬಳ್ಳಾರಿಯಲ್ಲಿ ನಾನು ಓದಿದ ಕಾಲೇಜಿಗೆ ಅವರು ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಬೊಟ್ಟು, ಒಂದು ಹುಬ್ಬನ್ನು ಎರಡಾಗಿ ಸೀಳಿದ ಹಳೆಯ ಗಾಯದ ಗುರುತು. ಅವರ ಪೀರಿಯಡ್ ಊಟದ ನಂತರ ಇರುತ್ತಿತ್ತು. ಅರ್ಧ ತರಗತಿ ಕ್ಯಾಂಟೀನಿನಲ್ಲಿ, ಉಳಿದರ್ಧ ನಿದ್ದೆಯಲ್ಲಿ. ಅವರು ಮೊದಲ ದಿನವೇ ಪುಸ್ತಕ ಮುಚ್ಚಿಟ್ಟು, "ಇದರಾಗ ಗಿರಾಕಿ ಎಲ್ಲದಾನ, ತೋರಿಸ್ರಿ ನೋಡೋಣ" ಎಂದರು.

"ಮೊದಲನೇ ಪಾಠದಾಗ ಅದಾನ್ರಿ ಮೇಡಂ. ಪಾಪ, ಡೆಫಿನಿಷನ್ ಆಗಿಬಿಟ್ಟಾನ," ಎಂದ ಹಿಂದಿನ ಬೆಂಚಿನ ಹುಡುಗ.

ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ. ಹಾಗಾದರೆ ಅವನನ್ನು ಅಲ್ಲಿಂದ ಬಿಡಿಸಿಕೊಂಡು ಬರೋಣ ಎಂದರು.

ನಾವೇ ಒಂದು ವಸ್ತು ಮಾಡಿ, ನಾವೇ ಹೆಸರಿಟ್ಟು, ಊರೂರಿಗೆ ಹೋಗಿ ಮಾರಬೇಕು ಎನ್ನುವುದು ಅವರ ಯೋಚನೆ. ಜನ ಯಾಕೆ ತೆಗೆದುಕೊಂಡರು, ಯಾಕೆ ಬಿಟ್ಟರು ಎಂದು ತರಗತಿಯಲ್ಲಿ ಬಂದು ಹೇಳಬೇಕು, ಅದೇ ಪಾಠ. ವಸ್ತುವಿಗೆ ಬಹಳ ಹುಡುಕಲಿಲ್ಲ. ತೆಕ್ಕಲಕೋಟೆಯಲ್ಲಿ ಅವರ ತಾಯಿ ಮೊಣಕಾಲು ನೋವಿಗೆ ಕೊಬ್ಬರಿ ಎಣ್ಣೆ ಕಾಯಿಸಿ ಹಚ್ಚಿಕೊಳ್ಳುತ್ತಿದ್ದರಂತೆ. ಯಾರಿಗೂ ಅಪಾಯವಿಲ್ಲದ ಎಣ್ಣೆ. ಕಾಲೇಜಿನ ಹಿಂದಿನ ಷೆಡ್ಡಿನಲ್ಲಿ ಗ್ಯಾಸ್ ಒಲೆ ಹೂಡಿದೆವು. ಅಟೆಂಡೆನ್ಸ್ ಕೂಗದಿದ್ದರೂ ಎಲ್ಲರೂ ಬರುತ್ತಿದ್ದರು. ಓದಿನಲ್ಲಿ ಹಿಂದಿದ್ದವರು ಕೂಡ ಬಾಟಲಿಯ ಅಳತೆ, ಮುಚ್ಚಳದ ಬಣ್ಣ ಎಂದು ಜಗಳವಾಡುತ್ತಿದ್ದರು. ನಾನು ಕಡಿಮೆ ಮಾತಿನವಳು. ನನ್ನನ್ನು ಒಲೆಯ ಮುಂದೆ ನಿಲ್ಲಿಸಿದ್ದರು. ಅಷ್ಟು ಖುಷಿಯಾಗಿ ಏನನ್ನಾದರೂ ಕಲಿತದ್ದು ನನಗೆ ನೆನಪಿಲ್ಲ.

ಮೊದಲ ಲೇಬಲ್ ಮೇಲೆ ಹಸಿರು ಎಲೆಯ ಚಿತ್ರ, ಇಂಗ್ಲಿಷ್ ಹೆಸರು. ಸಿರುಗುಪ್ಪದ ಸಂತೆಯಲ್ಲಿ ಇಡೀ ದಿನ ನಿಂತರೂ ಬಾಟಲಿಗಳು ಹಾಗೇ ಉಳಿದವು. ಸಂತೆಗೆ ಬಂದಿದ್ದ ಹೆಂಗಸೊಬ್ಬಳು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಮಾಡಿದಾಕೆ ಯಾರು, ಆಕೆ ಮುಖವೇ ಇಲ್ಲವಲ್ಲ ಎಂದು ಕೆಳಗಿಟ್ಟು ಹೋದಳು. ಮೇಡಂ ಆ ಮಾತನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದರು. ಮಾರನೆಯ ದಿನ ನಮ್ಮಲ್ಲಿ ಚಿತ್ರ ಬರೆಯುತ್ತಿದ್ದ ಹುಡುಗ ಒಂದು ಮುಖ ಬರೆದು ತಂದ. ಅದು ಮೇಡಂ ಮುಖವೇ. ತಲೆ ಮೇಲೆ ಸೆರಗು ಹೊದಿಸಿದ್ದ, ಕಾಸಗಲ ಕುಂಕುಮ ಇಟ್ಟಿದ್ದ, ಹುಬ್ಬಿನ ಗಾಯದ ಗುರುತನ್ನು ಬರೆಯದೆ ಬಿಟ್ಟಿದ್ದ. ನಾನು ಇಷ್ಟು ಚಂದ ಎಲ್ಲಿ ಅದೀನಪ್ಪಾ ಎಂದು ಅವರು ನಾಚಿದರು, ಆಮೇಲೆ ಒಪ್ಪಿದರು.

ಆ ಮುಖ ಬಂದ ಮೇಲೆ ಬಾಟಲಿಗಳು ನಿಲ್ಲಲಿಲ್ಲ. ಸಿರುಗುಪ್ಪದಲ್ಲಿ ಮುಗಿದವು, ಕುರುಗೋಡಿನಿಂದ ಮತ್ತೆ ಬೇಕೆಂದು ಕೇಳಿ ಕಳಿಸಿದರು. ಮಾರಲು ಹೋದ ನಮಗೆ ಮಾತಾಡುವ ಕೆಲಸವೇ ಇರಲಿಲ್ಲ. ಒಮ್ಮೆ ಕೊಂಡವರು ಪಕ್ಕದ ಮನೆಯವರಿಗೆ ತಾವೇ ಹೇಳುತ್ತಿದ್ದರು. "ಗಿರಾಕಿನs ನಿಮ್ಮ ಪರವಾಗಿ ಮಾತಾಡಾಕ ಹತ್ತಿದ ಅಂದ್ರ ನಿಮ್ಮ ಕೆಲಸ ಮುಗೀತು" ಎಂದರು ಮೇಡಂ. ಆ ವಾಕ್ಯವನ್ನು ನಾವೆಲ್ಲ ಬರೆದುಕೊಂಡೆವು.

ಒಂದು ಮಧ್ಯಾಹ್ನ ಕುರುಗೋಡಿನಿಂದ ಬರುತ್ತಿದ್ದ ನನ್ನ ಗೆಳತಿ ಎದ್ದು ನಿಂತು, ತಮ್ಮ ಓಣಿಯ ಅಜ್ಜಿಯೊಬ್ಬಳಿಗೆ ಕಾಲಿನ ಗಾಯಕ್ಕೂ ನಮ್ಮ ಎಣ್ಣೆಯಿಂದ ಗುಣ ಕಾಣುತ್ತಿದೆಯಂತೆ ಎಂದಳು. ತರಗತಿ ಚಪ್ಪಾಳೆ ತಟ್ಟಿತು. ಮೇಡಂ ತಟ್ಟಲಿಲ್ಲ.

"ಯಾವ ಗಾಯ?"

"ಶುಗರಿನ ಗಾಯರೀ ಮೇಡಂ. ಬೆರಳಿಂದು."

"ದವಾಖಾನಿಗೆ ಹೋಗಾಕತ್ತಾಳೇನು?"

"ಬಿಟ್ಟಾಳ್ರಿ. ಎಣ್ಣಿ ಐತಲ್ಲ ಅಂತಾಳ."

ಮೇಡಂ ಪಾಠ ಅಲ್ಲಿಗೇ ನಿಲ್ಲಿಸಿ, ಗೆಳತಿಯಿಂದ ಆ ಮನೆಯ ಗುರುತು ಬರೆಸಿಕೊಂಡರು.

ಆ ಭಾನುವಾರ ಮೇಡಂ ಕುರುಗೋಡಿಗೆ ಹೊರಟರು. ಜೊತೆಗೆ ಗೆಳತಿ ಮತ್ತು ನಾನು. ಬಂಡೆಗಳ ಗುಡ್ಡದ ಬಿಸಿಲು ಓಣಿಗೆ ಹೊಡೆಯುತ್ತಿತ್ತು. ಮನೆಯೊಳಗೆ ಕಾಲಿಟ್ಟಾಗ ಮೊದಲು ಬಂದದ್ದು ನಮ್ಮ ಎಣ್ಣೆಯ ವಾಸನೆ, ಅದರ ಹಿಂದೆಯೇ ಇನ್ನೊಂದು. ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪಾದಕ್ಕೆ ಹಳೆಯ ಸೀರೆಯ ತುಂಡು ಸುತ್ತಿತ್ತು. ಗೂಡಿನಲ್ಲಿ ದೀಪದ ಪಕ್ಕ ನಮ್ಮ ಬಾಟಲಿ. ಅಜ್ಜಿ ಮೇಡಂ ಅವರನ್ನು ನೋಡಿದಳು, ಬಾಟಲಿಯನ್ನು ನೋಡಿದಳು, ಮತ್ತೆ ಮೇಡಂ ಅವರನ್ನು ನೋಡಿದಳು. ಎರಡೂ ಕೈ ಜೋಡಿಸಿದಳು.

"ನೀನs ಬಂದ್ಯಾ, ತಾಯಿ."

ಮೇಡಂ ಅವಳ ಪಕ್ಕ ನೆಲದ ಮೇಲೆ ಕೂತರು. "ಅವ್ವಾ, ಇದು ಗಾಯದ ಎಣ್ಣಿ ಅಲ್ಲ. ಬರೇ ಕೊಬ್ಬರಿ ಎಣ್ಣಿ, ಓಮ. ನಡಿ, ಇವತ್ತs ಬಳ್ಳಾರಿ ದೊಡ್ಡಾಸ್ಪತ್ರಿಗೆ ಹೋಗೋಣು. ನಾ ಬರ್ತೀನಿ ಜೋಡಿ."

ಅಜ್ಜಿ ನಕ್ಕಳು. "ನನ್ನ ನಂಬಿಕಿ ಪರೀಕ್ಷಾ ಮಾಡಾಕ ಬಂದಿ. ಮಾಡವ್ವ. ನಾ ಏನ್ ಬಿಡಾಕಿ ಅಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಹೆಂಗಸರು ತುಂಬಿದ್ದರು. ಒಬ್ಬಳು ಕೂಸನ್ನು ಮುಂದೆ ಹಿಡಿದಳು, ಇನ್ನೊಬ್ಬಳು ತನ್ನ ಬಾಟಲಿ ತಂದು ಮುಟ್ಟಿಕೊಡಲು ಕೇಳಿದಳು. ಮೇಡಂ ಎಷ್ಟು ಬಗೆಯಲ್ಲಿ ಹೇಳಿದರೋ... ತಾನು ಕಾಲೇಜಿನಲ್ಲಿ ಪಾಠ ಹೇಳುವವಳು, ಇದು ಹುಡುಗರ ಪಾಠ, ಈ ಮುಖ ಒಬ್ಬ ಹುಡುಗ ಬರೆದದ್ದು. ಅವರು ಹೇಳಿದಷ್ಟೂ ಆ ಕಣ್ಣುಗಳಲ್ಲಿ ಭಕ್ತಿ ಹೆಚ್ಚುತ್ತಿತ್ತು. ಕೊನೆಗೆ ಗೂಡಿನ ಬಾಟಲಿ ತೆಗೆದುಕೊಂಡು ಅಂಗಳಕ್ಕೆ ಬಂದು ಎಲ್ಲರ ಎದುರು ನೆಲಕ್ಕೆ ಸುರಿದರು.

ಆಮೇಲೆ ಮುದುಕಿಯೊಬ್ಬಳು ಬಗ್ಗಿ, ಎಣ್ಣೆ ಕುಡಿದ ಮಣ್ಣನ್ನು ಬೆರಳಲ್ಲಿ ತೆಗೆದು ಮೊಣಕಾಲಿಗೆ ಹಚ್ಚಿಕೊಂಡಳು. ಇನ್ನೊಬ್ಬಳು ಬಗ್ಗಿದಳು. ಮತ್ತೊಬ್ಬಳು. ಸ್ವಲ್ಪ ಹೊತ್ತಿಗೆ ಅಲ್ಲಿ ಎಣ್ಣೆಯ ಕಲೆಯೇ ಉಳಿಯಲಿಲ್ಲ, ಸಣ್ಣ ಗುಂಡಿ ಉಳಿಯಿತು. ಮೇಡಂ ಖಾಲಿ ಬಾಟಲಿ ಹಿಡಿದು ಅದನ್ನೇ ನೋಡುತ್ತ ನಿಂತಿದ್ದರು.

ಮರುದಿನ ಒಲೆ ಆರಿತು. ಎಲ್ಲ ಬಾಟಲಿಗಳನ್ನೂ ತಿರುಗಿ ತರುವುದೇ ಇನ್ನು ಪ್ರಾಕ್ಟಿಕಲ್ ಎಂದರು. ನಾವು ಹೋದೆವು. ಜನ ಇಲ್ಲವೆಂದರು, ಮುಗಿಯಿತೆಂದರು, ಒಳಗೆ ಬಚ್ಚಿಟ್ಟರು. ತಿರುಗಿ ಕೇಳುವಂಥ ವಸ್ತು ಎಂದ ಮೇಲೆ ಅದರಲ್ಲಿ ಏನೋ ಇರಲೇಬೇಕು ಎಂದು ಅವರಿಗೆ ಖಾತ್ರಿಯಾಗಿತ್ತು. ಅವಳನ್ನು ಆಸ್ಪತ್ರೆಗೆ ಸೇರಿಸು ಎಂದು ಮೇಡಂ ಅಜ್ಜಿಯ ಮಗನಿಗೆ ದಿನವೂ ಫೋನು ಮಾಡುತ್ತಿದ್ದರು. ಅಜ್ಜಿಗೆ ಜ್ವರ ಏರಿ ಮಾತು ನಿಂತ ಮೇಲೆ ಅವನು ಅವಳನ್ನು ಬಳ್ಳಾರಿಗೆ ತಂದ. ಮೊಣಕಾಲ ಮೇಲಕ್ಕೆ ಕಾಲು ತೆಗೆದರು. ಅವಳು ಬದುಕಿದಳು.

ಮೇಡಂ ಆಸ್ಪತ್ರೆಗೆ ಹೋಗಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ಅಜ್ಜಿ ಹೇಗಿದ್ದಾಳೆ ಎಂದು ಕೇಳಿದೆ. "ತಾಯಿ ಸಿಟ್ಟಿಗೆದ್ದು ಎಣ್ಣಿ ಚೆಲ್ಲಿದಳು, ಅದಕ್ಕs ನನ್ನ ಕಾಲು ಹೋತು ಅಂತಾಳ" ಎಂದರು. ಆಮೇಲೆ, "ನನ್ನ ಕೈ ಹಿಡಕೊಂಡು ತಪ್ಪಾತು ಅಂತ ಬೇಡಿಕೊಂಡ್ಳು" ಎಂದರು.

ಮುಂದಿನ ವರ್ಷಕ್ಕೆ ಅವರು ಅರ್ಜಿ ಹಾಕಲಿಲ್ಲ. ತೆಕ್ಕಲಕೋಟೆಗೆ ಹೋದರಂತೆ, ಅಲ್ಲಿಯೂ ಜನ ಗುರುತು ಹಿಡಿಯುತ್ತಾರೆಂದು ಮನೆಯಿಂದ ಹೊರಬರುವುದನ್ನು ಬಿಟ್ಟರಂತೆ. ಎರಡು ವರ್ಷದ ಹಿಂದೆ ನಮ್ಮ ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಯಾರ ಬಳಿಯೂ ಅವರ ಫೋಟೋ ಇರಲಿಲ್ಲ. ಯಾರೋ ಆ ಲೇಬಲ್ಲಿನ ಚಿತ್ರಕ್ಕೇ ಹೂವಿನ ಹಾರ ಜೋಡಿಸಿ ಶ್ರದ್ಧಾಂಜಲಿ ಎಂದು ಹಾಕಿದರು. ಕೈ ಮುಗಿದ ಗುರುತುಗಳು ಸಾಲಾಗಿ ಬಂದವು.

ಕುರುಗೋಡಿನ ಕ್ರಾಸಿನಲ್ಲಿ ಬಸ್ಸು ನಿಂತು ಮತ್ತೆ ಹೊರಟಿತು. ಪಕ್ಕದ ಹೆಂಗಸು ಬಾಟಲಿಯನ್ನು ನನ್ನ ಮುಂದೆ ಚಾಚಿ, ಬೇಕಾದರೆ ಹಚ್ಚಿಕೋ ಎಂದಳು. ಆಗ ನೋಡಲೇಬೇಕಾಯಿತು. ಯಾರು ಮಾಡುತ್ತಾರೆ, ಎಲ್ಲಿ ತುಂಬುತ್ತಾರೆ, ಯಾವುದೂ ಬರೆದಿರಲಿಲ್ಲ. ಸೆರಗು ಹೊದ್ದ ಅದೇ ಮುಖ, ಕುಂಕುಮ ಇನ್ನೂ ದೊಡ್ಡದು. ಕೊರಳಲ್ಲಿ ಈಗ ಹೂವಿನ ಹಾರವಿತ್ತು.

"ಇವರು ತೀರಿಕೊಂಡಾರ," ಎಂದೆ.

"ಗೊತ್ತೈತವ್ವ. ಹಾರ ಹಾಕ್ಯಾರಲ್ಲ. ಈಗ ಮೊದಲಿನಕಿಂತ ಚಲೋ ಕೆಲಸ ಮಾಡ್ತೈತಿ." ಅವಳು ನನ್ನನ್ನು ದಿಟ್ಟಿಸಿದಳು. "ನಿನಗ ಗುರ್ತಿದ್ರೇನು?"

ಸುಳ್ಳು ಹೇಳಬಹುದಿತ್ತು. "ನಮ್ಮ ಮೇಡಂ. ಈ ಎಣ್ಣಿ ಗಾಯಕ್ಕಲ್ಲ ಅಂತ ಅವರs ಹೇಳಿದ್ರು," ಎಂದೆ.

ಅವಳ ಕಣ್ಣುಗಳು ಬದಲಾದವು. ಆ ಕಣ್ಣುಗಳನ್ನು ನಾನು ಕುರುಗೋಡಿನ ಬಾಗಿಲಲ್ಲಿ ನೋಡಿದ್ದೆ. ಅವಳು ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಸೀರೆ ಸರಿಸಿ, ಬಟ್ಟೆ ಸುತ್ತಿದ ಕಾಲಿನ ಮೇಲೆ ಒತ್ತಿಕೊಂಡಳು. ಬಟ್ಟೆ ಒದ್ದೆಯಾಗಿತ್ತು. ಇಲ್ಲಿಂದ ಆಸ್ಪತ್ರೆಗೆ ತಾನೇ ಎಂದು ಕೇಳಿದೆ. ನಾನೂ ಬರುತ್ತೇನೆ ಎಂದೆ. ಮಗಳ ಮನೆಗೆ ಎಂದಳು. ಆಸ್ಪತ್ರೆ ಯಾಕೆ, ಎಣ್ಣೆ ಇದೆಯಲ್ಲ ಎಂದಳು. ಬಳ್ಳಾರಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ನನಗೆ ಕೈ ಮುಗಿದು, ಕುಂಟುತ್ತ ಆಟೋಗಳ ನಡುವೆ ಹೋದಳು.

ಕೈಯನ್ನು ಸೋಪು ಹಾಕಿ ತೊಳೆದೆ. ವಾಸನೆ ಎರಡು ದಿನ ಇತ್ತು. ಈ ವರ್ಷ ಸಿರುಗುಪ್ಪದ ಕಾಲೇಜಿನಲ್ಲಿ ನಾನು ಅದೇ ವಿಷಯ ಕಲಿಸುತ್ತಿದ್ದೇನೆ. ನಮಗೆ ಪ್ರಾಕ್ಟಿಕಲ್ ಯಾವಾಗ ಎಂದು ಹುಡುಗಿಯರು ದಿನವೂ ಕೇಳುತ್ತಾರೆ. ಉತ್ತರ ಹೇಳುವ ಮೊದಲು ಮೇಡಂ ಮುಖವನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ಬರುವುದು ಸೆರಗು, ಕುಂಕುಮ, ಹಾರ. ಗಾಯದ ಗುರುತು ಯಾವ ಹುಬ್ಬಿನಲ್ಲಿತ್ತು... ಎಡವೋ, ಬಲವೋ. ಕೇಳೋಣವೆಂದರೆ ಅವರೇ ಇಲ್ಲ.